ಗಂಜಿನ ಗದ್ದಲದಲ್ಲಿ ಒಂದು ಪಿಸುಮಾತು

ತೊಗರಿಯ ಸುಗ್ಗಿಯ ದಿನಗಳಲ್ಲಿ ಕಲಬುರಗಿಯ ನೆಹರು ಗಂಜಿಗೆ ಹೋದವರಿಗೆ ಅಲ್ಲಿಯ ಗದ್ದಲವನ್ನು ವರ್ಣಿಸಿ ಹೇಳಬೇಕಾಗಿಲ್ಲ. ಚೀಲ ಹೊರುವ ಹಮಾಲರ ಕೂಗು, ದರ ಕುದುರಿಸುವವರ ಏರುದನಿ, ಹಿಂದಕ್ಕೆ ಸರಿಯುವ ಲಾರಿಗಳ ಹಾರ್ನು, ಬೇಳೆ ಒಡೆಯುವ ಗಿರಣಿಗಳ ಗಡಗಡ ಸದ್ದು, ಇವೆಲ್ಲವೂ ಒಂದಾಗಿ ಕಿವಿಯನ್ನು ತುಂಬುತ್ತವೆ. ಆದರೂ ಅಡತಿ ಅಂಗಡಿಯ ಮುನೀಮನು ತಾನು ಕುಳಿತ ಗಾದಿಯಿಂದಲೇ, ಅಂಗಳದ ಆಚೆ ಚೀಲ ಎಣಿಸುತ್ತಿರುವವನ ದನಿಯನ್ನು ತಪ್ಪದೆ ಹಿಡಿಯುತ್ತಾನೆ. 'ಲಾಭ, ಎರಡು, ಮೂರು, ನಾಲ್ಕು...' ಕಾಳಿನ ಲೆಕ್ಕದಲ್ಲಿ 'ಒಂದು' ಎನ್ನದೆ 'ಲಾಭ' ಎಂದು ಆರಂಭಿಸುವುದು ನಮ್ಮ ಹಳೆಯ ರೂಢಿ. ಎಣಿಸುವವನ ದನಿ ದೊಡ್ಡದೇನೂ ಅಲ್ಲ. ಸುತ್ತಲಿನ ಗದ್ದಲಕ್ಕಿಂತ ಅದು ಎಷ್ಟೋ ಸಣ್ಣದು. ಆದರೆ ಯಾವ ಮಾತಿನ ಮುಂದೆ ಯಾವ ಮಾತು ಬರುವುದೆಂಬುದು ಮುನೀಮನಿಗೆ ಮೊದಲೇ ಗೊತ್ತಿದೆ. ಆ ಅರಿವೇ ಅವನ ಕಿವಿಗೆ ಆಸರೆ.

ಅದೇ ಅಂಗಳದಲ್ಲಿ ಬೇಳೆಯ ಚೀಲಗಳನ್ನು ಹೇರಿಕೊಂಡು ನಿಂತಿರುವ ಲಾರಿಯೊಂದನ್ನು ಊಹಿಸಿಕೊಳ್ಳೋಣ. ಅದರೊಳಗೆ ಅಂಗೈಯಲ್ಲಿ ಹಿಡಿಯಬಹುದಾದ ಚಿಕ್ಕ ಸ್ಥಾನಸೂಚಕ ಉಪಕರಣವೊಂದಿದೆ. ಲಾರಿ ಕಮಲಾಪುರವನ್ನು ದಾಟಿ ಹುಮನಾಬಾದಿನ ಹಾದಿ ಹಿಡಿದಾಗ, ಗಂಜಿನಲ್ಲಿ ಕುಳಿತ ಮಾಲೀಕನ ಫೋನಿನ ನಕ್ಷೆಯ ಮೇಲೆ ಒಂದು ಚುಕ್ಕೆ ಅದರೊಡನೆಯೇ ಸಾಗುತ್ತದೆ. ಆ ಉಪಕರಣವೂ ಮುನೀಮನಂತೆಯೇ ಭಾರಿ ಗದ್ದಲದ ನಡುವೆ ಒಂದು ಕ್ಷೀಣ ದನಿಯನ್ನು ಆಲಿಸುತ್ತಿರುತ್ತದೆ. ಆದರೆ ಅದು ಆಲಿಸುವ ದನಿ ಅಂಗಳದ ಆಚೆಯದಲ್ಲ; ೩೬,೦೦೦ ಕಿಲೋಮೀಟರು ಎತ್ತರದಲ್ಲಿರುವ ಕೃತಕ ಉಪಗ್ರಹದ್ದು. ಈ ದನಿಯನ್ನು ಅದು ಹೇಗೆ ಕೇಳುತ್ತದೆ? ಯಾರಾದರೂ ಅದರ ಕಿವಿಯ ಬಳಿಯೇ ನಿಂತು ಅರಚಿದರೆ ಏನಾಗುತ್ತದೆ? ಆ ಅರಚಾಟವನ್ನು ತಳ್ಳಿಹಾಕಿ ಪಿಸುಮಾತನ್ನು ಉಳಿಸಿಕೊಳ್ಳಬೇಕಾದರೆ, ಉಪಕರಣದ ಹೃದಯವಾದ ಸಿಲಿಕಾನ್ ಚಿಪ್ಪನ್ನು ಹೇಗೆ ರಚಿಸಬೇಕು? ಇವನ್ನು ಈ ಲೇಖನದಲ್ಲಿ ವಿಚಾರ ಮಾಡೋಣ.

ಕಾಲದಿಂದ ದೂರ

ನಮ್ಮ ದೇಶದ ಸ್ವಂತ ಉಪಗ್ರಹ ಪಥದರ್ಶನ ವ್ಯವಸ್ಥೆಗೆ 'ನಾವಿಕ್' ಎಂದು ಹೆಸರು. ಇದರ ಮೊದಲನೆಯ ಉಪಗ್ರಹವು ೨೦೧೩ರ ಜುಲೈ ೧ರಂದು ಮೇಲೇರಿತು. ಏಳನೆಯದು ೨೦೧೬ರ ಏಪ್ರಿಲ್ ೨೮ರಂದು ಏರಿದಾಗ ವ್ಯವಸ್ಥೆಗೆ ಈ ಹೆಸರು ಬಂದಿತು. ಕಾಲವನ್ನೂ ಕಕ್ಷೆಗಳ ಲೆಕ್ಕವನ್ನೂ ನೋಡಿಕೊಳ್ಳುವ ಪಥದರ್ಶನ ಕೇಂದ್ರವು ಬೆಂಗಳೂರಿನ ಸಮೀಪದ ಬ್ಯಾಲಾಳುವಿನಲ್ಲಿದೆ. ಉಪಗ್ರಹಗಳ ಮೇಲೆ ನಿಗಾ ಇಡುವ ಮುಖ್ಯ ನಿಯಂತ್ರಣ ಕೇಂದ್ರ ಹಾಸನದಲ್ಲಿದೆ.

ಉಪಗ್ರಹವು ಮಾಡುವ ಕೆಲಸ ಸರಳವಾದುದು. 'ನಾನು ಇಲ್ಲಿದ್ದೇನೆ, ಈಗ ನನ್ನ ಗಡಿಯಾರದಲ್ಲಿ ಇಷ್ಟು ಹೊತ್ತು' ಎಂದು ಅದು ರೇಡಿಯೋ ಅಲೆಗಳ ಮೂಲಕ ಬಿಡುವಿಲ್ಲದೆ ಸಾರುತ್ತಿರುತ್ತದೆ. ರೇಡಿಯೋ ಅಲೆಗಳು ಸೆಕೆಂಡಿಗೆ ಸುಮಾರು ೩ ಲಕ್ಷ ಕಿಲೋಮೀಟರು ಓಡುವುದರಿಂದ, ೩೬,೦೦೦ ಕಿಲೋಮೀಟರು ಇಳಿದು ಬರಲು ಸುಮಾರು ೦.೧೨ ಸೆಕೆಂಡು ಹಿಡಿಯುತ್ತದೆ. ಹೊರಟ ಕಾಲವನ್ನೂ ಬಂದ ಕಾಲವನ್ನೂ ಹೋಲಿಸಿದರೆ ಉಪಗ್ರಹದ ದೂರ ತಿಳಿಯುತ್ತದೆ. ನಾಲ್ಕು ಉಪಗ್ರಹಗಳ ದೂರ ತಿಳಿದರೆ ಗ್ರಾಹಕ ಯಂತ್ರವು ತಾನಿರುವ ಸ್ಥಳವನ್ನೂ ತನ್ನ ಗಡಿಯಾರದ ತಪ್ಪನ್ನೂ ಗಣಿಸಿಕೊಳ್ಳಬಲ್ಲದು. ಈ ಲೆಕ್ಕದಲ್ಲಿ ಕಾಲವು ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗದಷ್ಟು ತಪ್ಪಿದರೂ ದೂರವು ೩೦೦ ಮೀಟರು ತಪ್ಪುತ್ತದೆ.

ಆ ದನಿ ಎಷ್ಟು ಕ್ಷೀಣ?

ಇಷ್ಟು ದೂರದಿಂದ ಬರುವ ಅಲೆ ನೆಲವನ್ನು ಮುಟ್ಟುವಾಗ ಎಷ್ಟು ಬಲವನ್ನು ಉಳಿಸಿಕೊಂಡಿರುತ್ತದೆ? ಒಂದು ವ್ಯಾಟನ್ನು, ೧ರ ಮುಂದೆ ೧೬ ಸೊನ್ನೆಗಳನ್ನು ಬರೆದರೆ ಬರುವ ಸಂಖ್ಯೆಯಿಂದ ಭಾಗಿಸಿದಷ್ಟು ಮಾತ್ರ. ಇದನ್ನು ಮನಸ್ಸಿಗೆ ತಂದುಕೊಳ್ಳುವುದು ಕಷ್ಟ. ಈ ಶಕ್ತಿಯನ್ನು ಒಂದು ಕಣವನ್ನೂ ಬಿಡದೆ ನೂರು ವರ್ಷ ಕೂಡಿಟ್ಟೆವೆಂದು ಭಾವಿಸೋಣ. ಆ ನೂರು ವರ್ಷದ ಗಳಿಕೆಯೆಲ್ಲವೂ ಒಂದು ಸಾಸಿವೆ ಕಾಳನ್ನು ಸುಮಾರು ಎರಡು ಸೆಂಟಿಮೀಟರು ಮೇಲೆತ್ತಲು ಸಾಕಾದೀತು.

ಇದಕ್ಕೆ ಎದುರಾಗಿ ಗದ್ದಲವೊಂದು ಸದಾ ಇರುತ್ತದೆ. ಯಾವುದೇ ತಂತಿಯಲ್ಲಿ, ಯಾವುದೇ ವರ್ಧಕದಲ್ಲಿ ಎಲೆಕ್ಟ್ರಾನುಗಳು ಶಾಖದ ಕಾರಣದಿಂದ ಸುಮ್ಮನಿರದೆ ಅಲುಗಾಡುತ್ತಿರುತ್ತವೆ. ಇದಕ್ಕೆ ಉಷ್ಣ ಗದ್ದಲವೆಂದು ಹೆಸರು. ನಾವಿಕ್ ಸಂಕೇತವು ಹರಡಿಕೊಂಡಿರುವಷ್ಟು ಅಗಲದ ಆವೃತ್ತಿಪಟ್ಟಿಯಲ್ಲಿ ಈ ಗದ್ದಲದ ಬಲ ಉಪಗ್ರಹದ ದನಿಗಿಂತ ಸುಮಾರು ೬೦ ಪಟ್ಟು ಹೆಚ್ಚು. ಅಂದರೆ ಗ್ರಾಹಕಕ್ಕೆ ಬರುವ ಅಲೆಯನ್ನು ಪರದೆಯ ಮೇಲೆ ಮೂಡಿಸಿ ನೋಡಿದರೆ ನಮಗೆ ಗದ್ದಲವಲ್ಲದೆ ಬೇರೇನೂ ಕಾಣಿಸದು!

ಇಲ್ಲಿ ಮುನೀಮನ ಉಪಾಯವು ನೆರವಿಗೆ ಬರುತ್ತದೆ. ನಾವಿಕ್ಕಿನ ಸಾರ್ವಜನಿಕ ಸಂಕೇತದಲ್ಲಿ ಪ್ರತಿಯೊಂದು ಉಪಗ್ರಹಕ್ಕೂ ೧,೦೨೩ ಧನ-ಋಣ ಗುರುತುಗಳ ಒಂದು ಸರಣಿ ಗೊತ್ತುಮಾಡಲ್ಪಟ್ಟಿದೆ. ಸೆಕೆಂಡಿನ ಸಾವಿರದಲ್ಲೊಂದು ಭಾಗದಲ್ಲಿ ಈ ಸರಣಿ ಒಮ್ಮೆ ಮುಗಿದು ಮತ್ತೆ ಮೊದಲಾಗುತ್ತದೆ. ಅರಿಯದವರಿಗೆ ಅದು ಕವಡೆ ಎಸೆದಂತೆ ಅಡ್ಡಾದಿಡ್ಡಿಯಾಗಿ ತೋರುತ್ತದೆ. ಗ್ರಾಹಕದ ಬಳಿ ಅದರ ನಕಲು ಇರುತ್ತದೆ. ಬರುವ ಅಲೆಯನ್ನು ಈ ನಕಲಿನಿಂದ ಗುರುತಿಗೆ ಗುರುತಾಗಿ ಗುಣಿಸಿ, ಗುಣಲಬ್ಧಗಳನ್ನೆಲ್ಲ ಕೂಡಿಸಿದಾಗ, ನಕಲೂ ಸಂಕೇತವೂ ಸರಿಯಾಗಿ ಹೊಂದಿಕೊಂಡಿದ್ದರೆ ಸಂಕೇತದ ಪಾಲು ಒಂದರ ಮೇಲೊಂದು ಸೇರಿ ಬೆಳೆಯುತ್ತದೆ. ಗದ್ದಲದ ಪಾಲಿನಲ್ಲಿ ಧನವು ಋಣವನ್ನು ಬಹುಮಟ್ಟಿಗೆ ತಿಂದುಹಾಕುತ್ತದೆ. ಈ ಕ್ರಿಯೆಯಿಂದ ಗದ್ದಲದ ಎದುರಿಗೆ ಸಂಕೇತಕ್ಕೆ ಸಾವಿರ ಪಟ್ಟಿಗೂ ಮೇಲಾದ ಅನುಕೂಲ ದೊರೆಯುತ್ತದೆ. ೬೦ ಪಟ್ಟು ಕೆಳಗೆ ಮುಳುಗಿದ್ದ ದನಿ ಗದ್ದಲದ ಮೇಲೆ ಸ್ಪಷ್ಟವಾದ ಶಿಖರದಂತೆ ತಲೆಯೆತ್ತುತ್ತದೆ. ನಕಲನ್ನು ಎಷ್ಟು ಸರಿಸಿದಾಗ ಶಿಖರ ಕಾಣಿಸಿತೆಂಬುದೇ ಅಲೆಯು ಬರಲು ಹಿಡಿದ ಕಾಲವನ್ನು ತಿಳಿಸುತ್ತದೆ.

ನೆರೆಹೊರೆಯವರು, ತಂಟೆಕೋರರು

ಉಷ್ಣ ಗದ್ದಲವೊಂದೇ ಇದ್ದಿದ್ದರೆ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ರೇಡಿಯೋ ಅಲೆಗಳ ಲೋಕದಲ್ಲಿ ನೆರೆಹೊರೆಯವರೂ ಇದ್ದಾರೆ, ತಂಟೆಕೋರರೂ ಇದ್ದಾರೆ.

ಮೊದಲು ನೆರೆಹೊರೆಯವರನ್ನು ನೋಡೋಣ. ನಾವಿಕ್ ಉಪಗ್ರಹಗಳು ಆರಂಭದಿಂದಲೂ ಎರಡು ಆವೃತ್ತಿಗಳಲ್ಲಿ ಮಾತನಾಡುತ್ತಿವೆ: ಒಂದು ೧,೧೭೬.೪೫ ಮೆಗಾಹರ್ಟ್ಸ್, ಇನ್ನೊಂದು ೨,೪೯೨.೦೨೮ ಮೆಗಾಹರ್ಟ್ಸ್. ೨೦೨೩ರ ಮೇ ೨೯ರಂದು ಏರಿದ ಎನ್‌ವಿಎಸ್-೦೧ ಉಪಗ್ರಹದಿಂದ ಮೂರನೆಯದಾಗಿ ೧,೫೭೫.೪೨ ಮೆಗಾಹರ್ಟ್ಸ್ ಸೇರಿತು. ಎರಡನೆಯ ಆವೃತ್ತಿಯ ಪಕ್ಕದ ಮನೆಯೇ ನಮ್ಮ ಅಂಗಡಿ ಮನೆಗಳಲ್ಲಿರುವ ವೈಫೈ. ಅದರ ಪಟ್ಟಿ ೨,೪೮೩.೫ ಮೆಗಾಹರ್ಟ್ಸ್‌ವರೆಗೆ ಚಾಚಿದೆ. ನಾವಿಕ್ಕಿನ ಪಟ್ಟಿ ಸರಿಸುಮಾರಾಗಿ ಅಲ್ಲಿಂದಲೇ ಮೊದಲಾಗುತ್ತದೆ. ಗಂಜಿನ ಅಂಗಡಿಯಲ್ಲಿರುವ ವೈಫೈ ಪೆಟ್ಟಿಗೆ ನಿರಪರಾಧಿಯೇ ಸರಿ. ಆದರೂ ಅದರ ದನಿ ಗೋಡೆಯನ್ನು ದಾಟಿ ಪಕ್ಕದ ಮನೆಗೆ ಕೇಳಿಸದಿರುವುದಿಲ್ಲ. ಮೊದಲನೆಯ ಆವೃತ್ತಿಯ ನೆರೆಯವರು ವಿಮಾನಗಳಿಗೆ ದೂರವನ್ನು ತಿಳಿಸುವ ನೆಲದ ಮೇಲಿನ ಕೇಂದ್ರಗಳು. ಅವು ಕ್ಷಣಕಾಲ ಮಾತ್ರ, ಆದರೆ ಬಹಳ ಬಲವಾಗಿ ಮಿಡಿಯುತ್ತವೆ.

ಇನ್ನು ತಂಟೆಕೋರರು. ಉಪಗ್ರಹದ ದನಿಯನ್ನು ಬೇಕೆಂದೇ ಮುಚ್ಚಿಹಾಕುವ ಉಪಕರಣಕ್ಕೆ ಜಾಮರ್ ಎನ್ನುತ್ತಾರೆ. ಇಂಥವುಗಳಲ್ಲಿ ಕೆಲವು ವಾಹನದ ಸಿಗರೇಟು ಹೊತ್ತಿಸುವ ಕಿಂಡಿಗೆ ಸಿಕ್ಕಿಸುವಷ್ಟು ಚಿಕ್ಕವು. ಅಮೆರಿಕದ ನ್ಯೂಯಾರ್ಕ್ ಸಮೀಪದ ನ್ಯೂಆರ್ಕ್ ವಿಮಾನ ನಿಲ್ದಾಣದಲ್ಲಿ, ವಿಮಾನಗಳನ್ನು ನಿಖರವಾಗಿ ಇಳಿಸಲು ಉಪಗ್ರಹ ಸಂಕೇತವನ್ನು ಬಳಸುವ ನೆಲದ ವ್ಯವಸ್ಥೆಯೊಂದಿತ್ತು. ೨೦೦೯ರಿಂದ ಅದಕ್ಕೆ ಆಗಾಗ ಅಡಚಣೆ ಉಂಟಾಗತೊಡಗಿತು. ಪಕ್ಕದ ಹೆದ್ದಾರಿಯಲ್ಲಿ ಹಾಯುವ ವಾಹನಗಳಲ್ಲಿದ್ದ ಚಿಕ್ಕ ಜಾಮರುಗಳೇ ಇದಕ್ಕೆ ಕಾರಣವೆಂದು ಹುಡುಕಾಟದಿಂದ ತಿಳಿಯಿತು. ೨೦೧೨ರ ಆಗಸ್ಟ್ ತಿಂಗಳಿನಲ್ಲಿ ಅಂಥ ಒಬ್ಬ ಚಾಲಕನು ಸಿಕ್ಕಿಬಿದ್ದನು. ಅವನ ಉದ್ದೇಶ ವಿಮಾನಗಳಿಗೆ ತೊಂದರೆ ಕೊಡುವುದಾಗಿರಲಿಲ್ಲ; ತಾನು ಎಲ್ಲಿದ್ದೇನೆಂಬುದು ಮಾಲೀಕನಿಗೆ ತಿಳಿಯಬಾರದೆಂಬುದಷ್ಟೇ ಆಗಿತ್ತು. ಮರುವರ್ಷ ಅವನಿಗೆ ಸುಮಾರು ೩೨,೦೦೦ ಡಾಲರು ದಂಡವನ್ನು ಗೊತ್ತುಮಾಡಲಾಯಿತು. ಒಬ್ಬನು ತನ್ನ ಯಜಮಾನನ ಕಣ್ಣು ತಪ್ಪಿಸಲು ಹೂಡಿದ ಚಿಕ್ಕ ಹೂಟ ನೂರಾರು ಪ್ರಯಾಣಿಕರ ಭದ್ರತೆಗೆ ಕೈಹಾಕಿತ್ತು. ನಮ್ಮ ದೇಶದಲ್ಲಿಯೂ ಸರ್ಕಾರದ ವಿಶೇಷ ಅನುಮತಿಯಿಲ್ಲದೆ ಇಂಥ ಉಪಕರಣಗಳನ್ನು ಬಳಸುವುದು ಕಾನೂನುಬಾಹಿರವೆಂದು ದೂರಸಂಪರ್ಕ ಇಲಾಖೆ ೨೦೨೨ರ ಜನವರಿಯಲ್ಲಿ ಸಾರಿ ಹೇಳಿದೆ.

ಇಷ್ಟು ಚಿಕ್ಕ ಉಪಕರಣ ಅಷ್ಟು ದೊಡ್ಡ ಹಾನಿಯನ್ನು ಮಾಡುವುದು ಹೇಗೆ? ಲೆಕ್ಕ ಹಾಕಿ ನೋಡೋಣ. ಒಂದು ವ್ಯಾಟಿನ ಜಾಮರ್ ನಮ್ಮಿಂದ ಒಂದು ಕಿಲೋಮೀಟರು ದೂರದಲ್ಲಿ, ನಡುವೆ ಮರೆಯೇನೂ ಇಲ್ಲದೆ, ನಾವಿಕ್ಕಿನ ಮೊದಲನೆಯ ಆವೃತ್ತಿಯಲ್ಲಿ ಅರಚುತ್ತಿದೆಯೆಂದಿಟ್ಟುಕೊಳ್ಳಿ. ಅದರ ದನಿ ನಮಗೆ ಉಪಗ್ರಹದ ದನಿಗಿಂತ ಸುಮಾರು ೩೦ ಲಕ್ಷ ಪಟ್ಟು ಬಲವಾಗಿ ಕೇಳಿಸುತ್ತದೆ. ಸರಣಿಯ ಉಪಾಯದಿಂದ ನಮಗೆ ದೊರೆಯುವುದು ಸಾವಿರ ಪಟ್ಟಿನ ಅನುಕೂಲ. ೩೦ ಲಕ್ಷವನ್ನು ಸಾವಿರದಿಂದ ಭಾಗಿಸಿದರೆ ಇನ್ನೂ ೩,೦೦೦ ಪಟ್ಟು ಉಳಿಯಿತು. ಮುನೀಮನು ಎಷ್ಟೇ ಜಾಣನಾದರೂ ಕಿವಿಯ ಪಕ್ಕದಲ್ಲಿ ಲಾರಿಯ ಹಾರ್ನು ಮೊಳಗುತ್ತಿರುವಾಗ ಎಣಿಕೆಯನ್ನು ಕೇಳಲಾರನು. ಆದುದರಿಂದ ನಕಲಿನೊಡನೆ ಹೋಲಿಸುವ ಮೊದಲೇ ಅರಚಾಟವನ್ನು ಆದಷ್ಟು ತೆಗೆದುಹಾಕಬೇಕು. ಈ ಕೆಲಸವನ್ನು ಚಿಪ್ಪಿಗೆ ಕಲಿಸುವುದೇ ಅಡಚಣೆ ನಿವಾರಣೆಯ ವಿದ್ಯೆ.

ಲಾರಿಯ ಕಾಟಾ, ಅಕ್ಕಸಾಲಿಯ ತಕ್ಕಡಿ

ಮೊದಲನೆಯ ಸಂಕಟ ಅಲೆಯನ್ನು ಅಳೆಯುವಲ್ಲಿಯೇ ಎದುರಾಗುತ್ತದೆ. ಚಿಪ್ಪು ಗಣಿತ ಮಾಡುವುದು ಅಂಕಿಗಳ ಮೇಲೆ. ಆದುದರಿಂದ ಬರುವ ಅಲೆಯ ಎತ್ತರವನ್ನು ಸೆಕೆಂಡಿಗೆ ಕೋಟ್ಯಂತರ ಸಲ ಅಳೆದು ಅಂಕಿಯಾಗಿ ಬರೆದುಕೊಳ್ಳಬೇಕು. ಈ ಕೆಲಸವನ್ನು ಮಾಡುವ ಭಾಗವನ್ನು ಅಂಕಿ ಪರಿವರ್ತಕವೆಂದು ಕರೆಯೋಣ. ಅಡಚಣೆಯಿಲ್ಲದ ಕಡೆ ಈ ಅಳತೆ ತೀರ ಒರಟಾಗಿದ್ದರೂ ನಡೆಯುತ್ತದೆ. ಎರಡು ದ್ವಿಮಾನ ಅಂಕಿಗಳು, ಅಂದರೆ ನಾಲ್ಕೇ ಮೆಟ್ಟಿಲುಗಳು ಸಾಕು. ಅಗ್ಗದ ಗ್ರಾಹಕಗಳು ಹೀಗೆಯೇ ರಚಿತವಾಗಿರುತ್ತವೆ.

ಅಡಚಣೆ ಬಂದಾಗ ಚಿತ್ರವೇ ಬದಲಾಗುತ್ತದೆ. ಗಂಜಿನಲ್ಲಿ ಲಾರಿಯನ್ನೇ ನಿಲ್ಲಿಸಿ ತೂಗುವ ದೊಡ್ಡ ಕಾಟಾ ಇರುತ್ತದೆ. ಸರಾಫ ಬಜಾರಿನಲ್ಲಿ ಗುಲಗಂಜಿ ತೂಗುವ ತಕ್ಕಡಿ ಇರುತ್ತದೆ. ದೊಡ್ಡ ಕಾಟಾಕ್ಕೆ ಗುಲಗಂಜಿ ಕಾಣಿಸದು. ಚಿಕ್ಕ ತಕ್ಕಡಿಯ ಮೇಲೆ ಚೀಲವಿಟ್ಟರೆ ಮುರಿದುಹೋದೀತು. ನಮಗೆ ಬೇಕಾದುದು ತುಂಬಿದ ಲಾರಿಯ ಮೇಲೆ ಬಿದ್ದ ಗುಲಗಂಜಿಯನ್ನೂ ತೋರಿಸುವ ತೂಕ! ಮೇಲಿನ ಉದಾಹರಣೆಯಲ್ಲಿ ಜಾಮರಿನ ಬಲ ಉಷ್ಣ ಗದ್ದಲದ ಸುಮಾರು ೫೦,೦೦೦ ಪಟ್ಟು. ಅಲೆಯ ಎತ್ತರದಲ್ಲಿ ಹೇಳುವುದಾದರೆ, ಇದರ ವರ್ಗಮೂಲವಾದ ಸುಮಾರು ೨೨೦ ಪಟ್ಟು. ಇಷ್ಟು ದೊಡ್ಡ ಏರಿಳಿತವನ್ನು ತುಂಡರಿಸದೆ ಹಿಡಿಸಿಕೊಂಡು, ಅದರ ಬೆನ್ನ ಮೇಲಿರುವ ಸಣ್ಣ ಅಲುಗಾಟವನ್ನೂ ಎರಡು ಮೂರು ಮೆಟ್ಟಿಲುಗಳಲ್ಲಿ ತೋರಿಸಬೇಕಾದರೆ ಸಾವಿರಕ್ಕೂ ಹೆಚ್ಚು ಮೆಟ್ಟಿಲುಗಳು ಬೇಕು. ಆದುದರಿಂದ ಇಂಥ ಚಿಪ್ಪುಗಳಲ್ಲಿ ಎರಡು ಅಂಕಿಗಳ ಬದಲು ೧೨ ಅಂಕಿಗಳ, ಎಂದರೆ ೪,೦೯೬ ಮೆಟ್ಟಿಲುಗಳ ಪರಿವರ್ತಕವನ್ನಿಡುವುದುಂಟು.

ಪರಿವರ್ತಕದ ಹಿಂದಿರುವ ವರ್ಧಕಗಳಿಗೂ ಇದೇ ನಿಯಮ ಅನ್ವಯಿಸುತ್ತದೆ. ಅವು ತಮ್ಮ ಶಕ್ತಿ ಮೀರಿ ತುಂಬಿಹೋದರೆ ಅಲೆಯ ತುದಿಗಳು ಕತ್ತರಿಸಿಹೋಗುತ್ತವೆ; ಅಷ್ಟೇ ಅಲ್ಲ, ಮೂಲದಲ್ಲಿಲ್ಲದ ಹೊಸ ಆವೃತ್ತಿಗಳು ಹುಟ್ಟಿಕೊಳ್ಳುತ್ತವೆ. ತುಂಬಿ ಚೆಲ್ಲಿಹೋದ ಸೇರಿನಿಂದ ಎಷ್ಟು ಕಾಳು ಚೆಲ್ಲಿತೆಂಬುದನ್ನು ಆಮೇಲೆ ಯಾವ ಗಣಿತವೂ ಹೇಳಲಾರದು. ಬರುವ ಅಲೆ ದೊಡ್ಡದಾದಾಗ ತಾನಾಗಿಯೇ ವರ್ಧನೆಯನ್ನು ತಗ್ಗಿಸುವ ಒಂದು ಕಾವಲು ಮಂಡಲ ಚಿಪ್ಪಿನಲ್ಲಿರುತ್ತದೆ. ಅದು ಒಮ್ಮೆಲೇ ವರ್ಧನೆಯನ್ನು ಇಳಿಸಿತೆಂದರೆ ಹತ್ತಿರದಲ್ಲಿ ಯಾರೋ ಅರಚುತ್ತಿದ್ದಾರೆಂದೇ ಅರ್ಥ. ಹೀಗೆ ಅದು ಅಪಾಯದ ಗಂಟೆಯಾಗಿಯೂ ಕೆಲಸಕ್ಕೆ ಬರುತ್ತದೆ.

ಮೂರು ಬಗೆಯ ಜರಡಿ

ಅಂಕಿಗಳಾದ ಮೇಲೆ ಶೋಧನೆ ಮೊದಲಾಗುತ್ತದೆ. ತೊಗರಿಯನ್ನು ಹಸನು ಮಾಡುವವರು ಕಲ್ಲಿಗೊಂದು, ಹೊಟ್ಟಿಗೊಂದು, ಧೂಳಿಗೊಂದು ಉಪಾಯ ಹೂಡುವಂತೆ ಇಲ್ಲಿಯೂ ಅಡಚಣೆಯ ಸ್ವಭಾವಕ್ಕೆ ತಕ್ಕ ಜರಡಿಯುಂಟು.

ಅಡಚಣೆಯು ಕೊಳಲಿನ ಒಂದೇ ಸ್ವರದಂತೆ ಒಂದೇ ಆವೃತ್ತಿಯಲ್ಲಿ ನಿಂತಿದ್ದರೆ ಅದಕ್ಕೆ ಕಚ್ಚು ಶೋಧಕ ಮದ್ದು. ಒಂದೇ ಸ್ವರದ ಅಲೆಯ ಹಿಂದಿನ ಒಂದೆರಡು ಅಳತೆಗಳು ತಿಳಿದಿದ್ದರೆ ಮುಂದಿನದನ್ನು ಮೊದಲೇ ಹೇಳಬಹುದು. ಚಿಪ್ಪು ಹಾಗೆ ಊಹಿಸಿ, ಊಹೆಯನ್ನು ಬಂದ ಅಳತೆಯಿಂದ ಕಳೆದುಬಿಡುತ್ತದೆ. ಊಹೆಗೆ ಸಿಕ್ಕುವುದೆಲ್ಲ ಹೋಗಿ, ಸಿಕ್ಕದಿರುವುದು ಉಳಿಯುತ್ತದೆ. ಉಪಗ್ರಹದ ಸರಣಿ ಗದ್ದಲದಂತೆ ಅಡ್ಡಾದಿಡ್ಡಿಯಾಗಿರುವುದರಿಂದ ಈ ಊಹೆಗೆ ಸಿಕ್ಕದೆ ಪಾರಾಗುತ್ತದೆ. ಎಷ್ಟು ಸೊಗಸಾದ ಏರ್ಪಾಡು ಇದು! ಯಾರು ಬೇಕಾದರೂ ಊಹಿಸಬಹುದಾದುದನ್ನು ಮೊದಲು ತಳ್ಳಿ, ತನಗೆ ಮಾತ್ರ ಗೊತ್ತಿರುವುದನ್ನು ಆಮೇಲೆ ಹುಡುಕುವುದು. ಅಡಚಣೆ ನಿವಾರಣೆಯ ಗುಟ್ಟನ್ನೆಲ್ಲ ಈ ಒಂದು ಮಾತಿನಲ್ಲಿ ಹೇಳಬಹುದು.

ಆದರೆ ವಾಹನಗಳಲ್ಲಿ ಸಿಕ್ಕಿಸುವ ಜಾಮರುಗಳು ಒಂದೇ ಸ್ವರದಲ್ಲಿ ನಿಲ್ಲುವುದಿಲ್ಲ. ಸೆಕೆಂಡಿನ ಲಕ್ಷದಲ್ಲೊಂದು ಭಾಗದಷ್ಟು ಹೊತ್ತಿನಲ್ಲಿ ಅವು ಹತ್ತಿಪ್ಪತ್ತು ಮೆಗಾಹರ್ಟ್ಸ್ ಅಗಲವನ್ನು ಗುಡಿಸಿ ಮತ್ತೆ ಮೊದಲಿಗೆ ಬರುತ್ತವೆ. ಕಚ್ಚು ಅದರ ಬೆನ್ನು ಹತ್ತಿ ಓಡಬೇಕು. ಓಡಲಾಗದಿದ್ದರೆ ಎರಡನೆಯ ಜರಡಿಯಾದ ಫೂರ್ಯೆ ಪರಿವರ್ತನೆಯನ್ನು ಬಳಸುತ್ತಾರೆ. ಅಶ್ರಗವು ಬೆಳಕನ್ನು ಬಣ್ಣಗಳಾಗಿ ಒಡೆಯುವಂತೆ ಈ ಗಣಿತವು ಅಲೆಯನ್ನು ಆವೃತ್ತಿಗಳಾಗಿ ಒಡೆಯುತ್ತದೆ. ಉಷ್ಣ ಗದ್ದಲ ಬಯಲಿನಂತೆ ಸಮತಟ್ಟಾಗಿ ಕಾಣಿಸುತ್ತದೆ; ಅಡಚಣೆ ಗುಡ್ಡದಂತೆ ಎದ್ದು ನಿಲ್ಲುತ್ತದೆ. ಗುಡ್ಡಗಳನ್ನು ಕತ್ತರಿಸಿ, ಉಳಿದುದನ್ನು ಮತ್ತೆ ಅಲೆಯಾಗಿ ಕೂಡಿಸಿದರಾಯಿತು. ೧೯೬೫ರಲ್ಲಿ ಕೂಲಿ ಮತ್ತು ಟ್ಯೂಕಿ ಎಂಬುವರು ಪ್ರಕಟಿಸಿದ ವೇಗದ ವಿಧಾನವು ಈ ಲೆಕ್ಕವನ್ನು ಸಾಧ್ಯವಾಗಿಸಿದೆ. ಸೆಕೆಂಡಿಗೆ ೧.೬ ಕೋಟಿ ಅಳತೆಗಳು ಬರುತ್ತಿದ್ದು, ೧,೦೨೪ ಅಳತೆಗಳನ್ನು ಒಂದು ಕಂತಾಗಿ ತೆಗೆದುಕೊಂಡರೆ, ಪ್ರತಿ ಕಂತಿಗೂ ೫,೧೨೦ ಮೂಲ ಗಣನೆಗಳು ಬೇಕು. ಅಂದರೆ ಸೆಕೆಂಡಿಗೆ ೮ ಕೋಟಿ. ಅಲೆಯನ್ನು ಮರಳಿ ಕೂಡಿಸಲು ಮತ್ತೆ ಅಷ್ಟೇ.

ಮೂರನೆಯದು ವಿಮಾನ ಕೇಂದ್ರಗಳ ಮಿಡಿತಕ್ಕೆ. ಸಾಮಾನ್ಯವಾಗಿ ಇವು ಜೋಡಿ ಮಿಡಿತಗಳು. ಒಂದೊಂದು ಮಿಡಿತದ ಅವಧಿ ಸೆಕೆಂಡಿನ ಹತ್ತು ಲಕ್ಷದಲ್ಲಿ ಮೂರೂವರೆ ಭಾಗ ಮಾತ್ರ. ಮಿಡಿತ ಬಂದಷ್ಟು ಹೊತ್ತು ಅಳತೆಯ ಬದಲು ಸೊನ್ನೆಯನ್ನು ಬರೆದುಬಿಡುವುದೇ ಇದಕ್ಕೆ ಉಪಾಯ. ಹಾರ್ನು ಮೊಳಗಿದಾಗ ಕ್ಷಣಕಾಲ ಕಿವಿ ಮುಚ್ಚಿಕೊಂಡಂತೆ!

ಈಗ ನಮ್ಮ ಲೆಕ್ಕಕ್ಕೆ ಮರಳೋಣ. ಚೆನ್ನಾಗಿ ರಚಿಸಿದ ಕಚ್ಚು ಶೋಧಕವು ಒಂದೇ ಸ್ವರದ ಅಡಚಣೆಯನ್ನು ಹತ್ತು ಸಾವಿರ ಪಟ್ಟು ಕುಗ್ಗಿಸಿತೆಂದರೆ, ೩೦ ಲಕ್ಷವು ೩೦೦ಕ್ಕೆ ಇಳಿಯುತ್ತದೆ. ಉಳಿದುದನ್ನು ಸರಣಿಯ ಸಾವಿರ ಪಟ್ಟಿನ ಅನುಕೂಲ ನೋಡಿಕೊಳ್ಳುತ್ತದೆ. ಪಿಸುಮಾತು ಮತ್ತೆ ಕೇಳಿಸುತ್ತದೆ. ನಕ್ಷೆಯ ಮೇಲಿನ ಚುಕ್ಕೆ ಮತ್ತೆ ಸಾಗುತ್ತದೆ.

ಕಲ್ಲಿನೊಡನೆ ಹೋಗುವ ಕಾಳು

ಹಾಗಾದರೆ ಎಲ್ಲ ಜರಡಿಗಳನ್ನೂ ಎಲ್ಲ ಗ್ರಾಹಕಗಳಲ್ಲಿಯೂ ಸದಾ ಬಳಸಬಾರದೇಕೆ ಎಂದು ವಾಚಕರು ಕೇಳಬಹುದು. ಜರಡಿ ಹಿಡಿದವರೆಲ್ಲರಿಗೂ ಉತ್ತರ ಗೊತ್ತಿದೆ: ಕಲ್ಲನ್ನು ತೆಗೆಯುವಾಗ ಒಂದಿಷ್ಟು ಕಾಳೂ ಹೋಗುತ್ತದೆ. ಕತ್ತರಿಸಿದ ಆವೃತ್ತಿಗಳಲ್ಲಿ ಉಪಗ್ರಹದ ದನಿಯ ಪಾಲೂ ಇತ್ತು. ಸೊನ್ನೆ ಬರೆದ ಕ್ಷಣಗಳಲ್ಲಿಯೂ ಇತ್ತು. ಕಚ್ಚನ್ನು ಕಿರಿದು ಮಾಡಿದರೆ ನಷ್ಟ ಕಡಿಮೆ. ಆದರೆ ಅದು ಓಡುವ ಅಡಚಣೆಯನ್ನು ಹಿಂಬಾಲಿಸಲಾರದು. ಅಗಲ ಮಾಡಿದರೆ ಚುರುಕು. ಆದರೆ ಕಾಳು ಹೆಚ್ಚು ಹೋಗುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ದೋಷವಿದೆ. ಶೋಧಕವು ಬೇರೆ ಬೇರೆ ಆವೃತ್ತಿಗಳನ್ನು ಬೇರೆ ಬೇರೆ ಹೊತ್ತು ತಡೆದು ಬಿಡುವುದರಿಂದ, ನಕಲಿನೊಡನೆ ಹೋಲಿಸಿದಾಗ ಕಾಣುವ ಶಿಖರ ಒಂದಿಷ್ಟು ಓರೆಯಾಗುತ್ತದೆ. ಸರಣಿಯ ಒಂದು ಗುರುತಿನ ಕಾಲವು ದೂರದ ಲೆಕ್ಕದಲ್ಲಿ ಸುಮಾರು ೩೦೦ ಮೀಟರಿಗೆ ಸಮ. ಶಿಖರವು ಅದರ ನೂರರಲ್ಲೊಂದು ಭಾಗದಷ್ಟು ಸರಿದರೂ ೩ ಮೀಟರು ತಪ್ಪಿದಂತಾಯಿತು. ಹೆದ್ದಾರಿಯ ಲಾರಿಗೆ ಇದು ದೊಡ್ಡ ಮಾತಲ್ಲ. ಮೋಡದೊಳಗಿಂದ ಇಳಿಯುತ್ತಿರುವ ವಿಮಾನಕ್ಕೆ ದೊಡ್ಡ ಮಾತೇ ಸರಿ.

ಕೊನೆಯದಾಗಿ ವಿದ್ಯುತ್ತಿನ ಬೆಲೆ. ಪ್ರತಿಯೊಂದು ಗುಣಾಕಾರಕ್ಕೂ ಸಿಲಿಕಾನಿನಲ್ಲಿ ಸ್ಥಳ ಬೇಕು, ಬ್ಯಾಟರಿಯಲ್ಲಿ ಶಕ್ತಿ ಬೇಕು. ಇಲ್ಲಿ ರಚನಕಾರರು ಒಂದು ಜಾಣ್ಮೆ ತೋರುತ್ತಾರೆ. ೧೨ ಅಂಕಿಗಳ ಅಗಲವು ಬೇಕಾಗುವುದು ಅಡಚಣೆಯನ್ನು ತೆಗೆಯುವ ತನಕ ಮಾತ್ರ. ಅದು ಹೋದ ಮೇಲೆ ಉಳಿದಿರುವುದು ಗದ್ದಲದೊಳಗಿನ ಪಿಸುಮಾತಾದುದರಿಂದ ಅಂಕಿಗಳನ್ನು ಮತ್ತೆ ಎರಡು ಮೂರಕ್ಕೆ ಇಳಿಸಬಹುದು. ಮುಂದಿನ ಹೋಲಿಕೆಯ ಮಂಡಲಗಳೆಲ್ಲ ಹಗುರವಾಗುತ್ತವೆ. ಅಡಚಣೆಯಿಲ್ಲದ ಹೊತ್ತಿನಲ್ಲಿ ಜರಡಿಗಳನ್ನು ಮಲಗಿಸಿ, ಅಪಾಯದ ಗಂಟೆ ಬಾರಿಸಿದಾಗ ಮಾತ್ರ ಎಬ್ಬಿಸಬಹುದು. ಇಂಥ ರಚನೆಯನ್ನು ಮೊದಲು ಗಣಕಯಂತ್ರದಲ್ಲಿ ಅಣಕಿಸಿ ನೋಡಿ, ಬಳಿಕ ಮತ್ತೆ ಮತ್ತೆ ತಿದ್ದಬಹುದಾದ ಪರೀಕ್ಷಾ ಚಿಪ್ಪಿನಲ್ಲಿ ಓಡಿಸಿ, ಕಟ್ಟಕಡೆಗೆ ಸಿಲಿಕಾನಿಗೆ ಇಳಿಸುತ್ತಾರೆ. ಏಕೆಂದರೆ ಒಮ್ಮೆ ಸಿಲಿಕಾನಿನಲ್ಲಿ ಮೂಡಿದ ಮಂಡಲವನ್ನು ಅಳಿಸಿ ತಿದ್ದುವಂತಿಲ್ಲ.

ದಿಕ್ಕನ್ನರಿಯುವ ಕಿವಿಗಳು

ಅಡಚಣೆಯು ಉಷ್ಣ ಗದ್ದಲದಂತೆಯೇ ಪಟ್ಟಿಯ ತುಂಬ ಸಮನಾಗಿ ಹರಡಿದ್ದರೆ ಮೇಲಿನ ಮೂರು ಜರಡಿಗಳೂ ಸೋಲುತ್ತವೆ. ಆಗ ಉಳಿಯುವ ಭೇದ ಒಂದೇ, ದಿಕ್ಕು. ಉಪಗ್ರಹಗಳು ಆಕಾಶದಲ್ಲಿ ಬೇರೆ ಬೇರೆ ಕಡೆ ಇವೆ. ಜಾಮರ್ ಸಾಮಾನ್ಯವಾಗಿ ನೆಲದ ಮೇಲೆ ಒಂದು ಕಡೆ ಇರುತ್ತದೆ. ಎರಡು ಕಿವಿಗಳಿರುವುದರಿಂದ ನಮಗೆ ಸದ್ದಿನ ದಿಕ್ಕು ತಿಳಿಯುವಂತೆ, ಗ್ರಾಹಕಕ್ಕೂ ನಾಲ್ಕು ಆಂಟೆನಾಗಳನ್ನು ಅರ್ಧ ತರಂಗದೂರದ ಅಂತರದಲ್ಲಿ, ಎಂದರೆ ನಾವಿಕ್ಕಿನ ಮೊದಲ ಆವೃತ್ತಿಯಲ್ಲಿ ಸುಮಾರು ೧೩ ಸೆಂಟಿಮೀಟರಿಗೊಂದರಂತೆ, ಜೋಡಿಸುತ್ತಾರೆ. ಜಾಮರಿನ ಅಲೆ ನಾಲ್ಕನ್ನೂ ತುಸು ಹೆಚ್ಚುಕಡಿಮೆ ಕಾಲದಲ್ಲಿ ಮುಟ್ಟುತ್ತದೆ. ಚಿಪ್ಪು ಈ ನಾಲ್ಕನ್ನೂ ತಕ್ಕ ಪ್ರಮಾಣದಲ್ಲಿ ಬೆರೆಸಿ ಆ ದಿಕ್ಕಿನ ಪಾಲು ಪರಸ್ಪರ ಕಳೆದು ಸೊನ್ನೆಯಾಗುವಂತೆ ಮಾಡುತ್ತದೆ. ನಾಲ್ಕು ಆಂಟೆನಾಗಳಿಂದ ಮೂರು ದಿಕ್ಕುಗಳ ಅರಚಾಟವನ್ನು ಮುಚ್ಚಬಹುದು.

ಅರಚುವುದಕ್ಕಿಂತ ಕೆಟ್ಟ ಕೆಲಸ ಇನ್ನೊಂದಿದೆ: ಉಪಗ್ರಹದ ದನಿಯನ್ನೇ ಅನುಕರಿಸಿ ಸುಳ್ಳು ಹೇಳುವುದು. ಅರಚಾಟಕ್ಕೆ ಸಿಕ್ಕಿದ ಗ್ರಾಹಕವು ದಾರಿ ಕಾಣದೆಂದು ಒಪ್ಪಿಕೊಳ್ಳುತ್ತದೆ. ಸುಳ್ಳಿಗೆ ಸಿಕ್ಕಿದುದು ಧೈರ್ಯವಾಗಿ ತಪ್ಪುದಾರಿಯನ್ನು ತೋರಿಸುತ್ತದೆ. ೨೦೨೩ರ ನವೆಂಬರಿನಿಂದ ೨೦೨೫ರ ಫೆಬ್ರವರಿಯವರೆಗೆ ಗಡಿ ಪ್ರದೇಶದಲ್ಲಿ, ಬಹುಮಟ್ಟಿಗೆ ಅಮೃತಸರ ಮತ್ತು ಜಮ್ಮು ಕಡೆಗಳಲ್ಲಿ, ವಿಮಾನಗಳ ಉಪಗ್ರಹ ಸಂಕೇತಕ್ಕೆ ತೊಂದರೆಯಾದ ೪೬೫ ಪ್ರಸಂಗಗಳು ವರದಿಯಾಗಿದ್ದುವೆಂದು ಸರ್ಕಾರವು ಸಂಸತ್ತಿಗೆ ತಿಳಿಸಿತು. ೨೦೨೫ರ ನವೆಂಬರಿನಲ್ಲಿ ದೆಹಲಿ ವಿಮಾನ ನಿಲ್ದಾಣದ ಸುತ್ತಲೂ ಸುಳ್ಳು ಸಂಕೇತಗಳು ಕಂಡುಬಂದುವು. ಇಲ್ಲಿಯೂ ದಿಕ್ಕಿನ ಅರಿವು ನೆರವಾಗುತ್ತದೆ. ಆಕಾಶದ ನಾಲ್ಕು ಕಡೆಗಳಿಂದ ಬರಬೇಕಾದ ದನಿಗಳೆಲ್ಲ ನೆಲದ ಒಂದೇ ಕಡೆಯಿಂದ ಬರುತ್ತಿದ್ದರೆ ಅವು ಸುಳ್ಳೆಂದು ಬಗೆಯತಕ್ಕದ್ದು.

ನಮ್ಮ ಮುಂದಿರುವ ಕೆಲಸ

ನಾವಿಕ್ಕಿನ ಹಾದಿ ಸುಗಮವಾಗಿಯೇ ಇರಲಿಲ್ಲ. ಮೊದಲ ಉಪಗ್ರಹದ ಪರಮಾಣು ಗಡಿಯಾರಗಳು ಕೆಟ್ಟುವು. ಅದರ ಬದಲಿಗೆಂದು ೨೦೧೭ರ ಆಗಸ್ಟ್ ೩೧ರಂದು ಹಾರಿಸಿದ ಉಪಗ್ರಹ ರಾಕೆಟ್ಟಿನ ಶಾಖಕವಚ ಕಳಚದೆ ವಿಫಲವಾಯಿತು. ೨೦೨೫ರ ಜನವರಿಯಲ್ಲಿ ಏರಿದ ಎನ್‌ವಿಎಸ್-೦೨ ತನ್ನ ಗೊತ್ತಾದ ಕಕ್ಷೆಯನ್ನು ಸೇರಲಿಲ್ಲ. ಈ ನಡುವೆ ಎನ್‌ವಿಎಸ್-೦೧ರಲ್ಲಿ ನಮ್ಮ ದೇಶದಲ್ಲಿಯೇ ತಯಾರಾದ ಪರಮಾಣು ಗಡಿಯಾರವು ಮೊದಲ ಸಲ ಆಕಾಶಕ್ಕೇರಿತು. ಆದರೆ ಆಕಾಶದ ಕೆಲಸ ಎಷ್ಟು ಮುಖ್ಯವೋ ನೆಲದ ಮೇಲಿನ ಕಿವಿಯನ್ನು ರಚಿಸುವುದೂ ಅಷ್ಟೇ ಮುಖ್ಯ. ಬೆಂಗಳೂರಿನ ಅಕಾರ್ಡ್‌ನಂಥ ಸಂಸ್ಥೆಗಳು ಗ್ರಾಹಕಗಳನ್ನು ತಯಾರಿಸಿವೆ. ಮುಂಬಯಿಯ ಐಐಟಿಯಲ್ಲಿ ನಾವಿಕ್ ಅಲೆಗಳನ್ನು ಹಿಡಿಯುವ 'ಧ್ರುವ' ಎಂಬ ಚಿಪ್ಪು ರಚಿತವಾಗಿದೆ. ಬೇರೆ ದೇಶದ ಚಿಪ್ಪನ್ನು ಕೊಂಡರೆ, ಅದು ಯಾವ ದನಿಯನ್ನು ತಳ್ಳುತ್ತದೆ, ಯಾವುದನ್ನು ಉಳಿಸುತ್ತದೆ ಎಂಬ ತೀರ್ಮಾನವನ್ನೂ ಅವರ ಕೈಗೇ ಬಿಟ್ಟಂತಾಗುತ್ತದೆ. ನಮ್ಮ ನೆರೆಯ ವೈಫೈ, ನಮ್ಮ ಆವೃತ್ತಿ, ನಮ್ಮ ಅಡಚಣೆ ಇವಕ್ಕೆ ತಕ್ಕ ಜರಡಿಯನ್ನು ನಾವೇ ಹೆಣೆದುಕೊಳ್ಳಬೇಕು.

ಈ ವಿದ್ಯೆಗೆ ಬೇಕಾದ ಬಂಡವಾಳ ಕಾಲೇಜಿನ ಗಣಿತದಲ್ಲಿಯೇ ಇದೆ: ಅಲೆ, ವರ್ಗಮೂಲ, ಮಾತೃಕೆ, ಸಂಭವನೀಯತೆ. ಮುಂದಿನ ಸಲ ಗಂಜಿನ ಅಂಗಳದಲ್ಲಿ ನಿಂತಾಗ ವಿದ್ಯಾರ್ಥಿ ಮಿತ್ರರು ಒಮ್ಮೆ ಕಣ್ಣು ಮುಚ್ಚಿ ಆ ಗದ್ದಲವನ್ನು ಆಲಿಸಲಿ. ಯಾವುದನ್ನು ಊಹಿಸಬಹುದು, ಯಾವುದನ್ನು ಕಳೆಯಬಹುದು, ಕಳೆದ ಮೇಲೆ ಏನು ಉಳಿಯುತ್ತದೆ ಎಂದು ಯೋಚಿಸಲಿ. 'ಲಾಭ, ಎರಡು, ಮೂರು' ಎಂಬ ಎಣಿಕೆ ಕಿವಿಗೆ ಬಿದ್ದರೆ, ಕೋಟ್ಯಂತರ ಗುಣಾಕಾರಗಳಿಂದ ಆ ಚಿಪ್ಪು ಮಾಡುವ ಕೆಲಸವನ್ನು ಅವರು ಆಗಲೇ ಮಾಡಿ ಮುಗಿಸಿರುತ್ತಾರೆ.